ಬಾಯಿ ಬಾರದ ಮಕ್ಕಳನ್ನಷ್ಟೇ ಉಳಿಸಿದ ಊರು

ಅಮೆರಿಕದ ಯೂಟಾ ರಾಜ್ಯದ ನೈಋತ್ಯ ಮೂಲೆಯಲ್ಲಿ, ಸೀಡರ್ ಸಿಟಿಯಿಂದ ಸುಮಾರು 35 ಮೈಲಿ ದೂರದಲ್ಲಿ, ಬೆಟ್ಟಗಳ ನಡುವೆ ಮೌಂಟನ್ ಮೆಡೋಸ್ ಎಂಬ ಹುಲ್ಲುಗಾವಲಿದೆ. ಕ್ಯಾಲಿಫೋರ್ನಿಯಾದ ಕಡೆಗೆ ಬಂಡಿ ಕಟ್ಟಿಕೊಂಡು ಹೊರಟವರು ಮುಂದಿನ ಮರುಭೂಮಿಗೆ ಇಳಿಯುವ ಮೊದಲು ದನಗಳನ್ನು ಮೇಯಿಸಿ, ನೀರು ಕುಡಿಸಿ ಸುಧಾರಿಸಿಕೊಳ್ಳುತ್ತಿದ್ದ ಜಾಗ ಅದು. 1857ರ ಸೆಪ್ಟೆಂಬರ್ 11ರಂದು ಅರ್ಕಾನ್ಸಾ ರಾಜ್ಯದಿಂದ ಬಂದಿದ್ದ ಸುಮಾರು 120 ಮಂದಿಯನ್ನು ಅಲ್ಲಿ ಕೊಲ್ಲಲಾಯಿತು. ಕೊಂದವರಲ್ಲಿ ಹೆಚ್ಚಿನವರು ಡಕಾಯಿತರಲ್ಲ, ವೃತ್ತಿಪರ ಸೈನಿಕರೂ ಅಲ್ಲ. ಸುತ್ತಲಿನ, ಮಾರ್ಮನ್ ಎಂಬ ಧಾರ್ಮಿಕ ಪಂಥದವರ ಹಳ್ಳಿಗಳಲ್ಲಿ ಹೊಲ ಉಳುತ್ತಿದ್ದ, ಕಮ್ಮಾರಿಕೆ ಮಾಡುತ್ತಿದ್ದ, ಭಾನುವಾರ ಪ್ರಾರ್ಥನೆಗೆ ಹೋಗುತ್ತಿದ್ದ ಐವತ್ತು ಅರವತ್ತು ಗಂಡಸರು. 17 ಮಕ್ಕಳನ್ನು ಮಾತ್ರ ಜೀವಸಹಿತ ಬಿಟ್ಟರು. ಅವರಲ್ಲಿ ದೊಡ್ಡವರಿಗೂ ಆರೇಳು ವರ್ಷ ದಾಟಿರಲಿಲ್ಲ. ಕರುಣೆಯೂ ಇದ್ದಿರಬಹುದು, ಅಲ್ಲಗಳೆಯುವುದಿಲ್ಲ. ಆದರೆ ಆ ವಯಸ್ಸಿನ ಗೆರೆ ಎಳೆದ ಕಾರಣ ಬೇರೆ: ಅಷ್ಟು ಚಿಕ್ಕವರು ಕಂಡದ್ದನ್ನು ಹೊರಗೆ ಹೇಳಲಾರರು ಎಂಬ ಲೆಕ್ಕಾಚಾರ. ಯಾರಿಗೆ ನೆನಪಿರಬೇಕು, ಯಾರಿಗೆ ಇರಬಾರದು ಎಂಬುದನ್ನು ಕೊಲೆಗೆ ಮೊದಲೇ ತೀರ್ಮಾನಿಸಿದ್ದ ಅಪರೂಪದ ಪ್ರಕರಣ ಇದು.

ಹಾಗಾಗಿ ಆ ಸೀಮೆಯ ಜನ ಈ ಕೃತ್ಯವನ್ನು ‘ಮರೆತರು’ ಎನ್ನುವುದು ತಪ್ಪಾಗುತ್ತದೆ. ಅವರು ಮರೆಯಲೇ ಇಲ್ಲ. ನೂರಾರು ಮನೆಗಳಲ್ಲಿ ಆ ನೆನಪು ಉಳಿದಿತ್ತು, ಆದರೆ ಹಂಚಿಕೆಯಾಗಿ ಉಳಿದಿತ್ತು. ಇಂತಿಷ್ಟು ತಪ್ಪು ಇಂಥವರ ಪಾಲಿಗೆ ಎಂಬ ಒಪ್ಪಂದವೊಂದು ತಲೆಮಾರಿನಿಂದ ತಲೆಮಾರಿಗೆ ದಾಟುತ್ತ ಬಂತು. ಕಾಲಕಾಲಕ್ಕೆ ಪಾಲುಗಾರರು ಬದಲಾದರು. ಪಾಲು ಹಾಕುವ ಕೆಲಸ ಮಾತ್ರ ಇವತ್ತಿಗೂ ನಿಂತಿಲ್ಲ. ಆ ಒಪ್ಪಂದವನ್ನು ಮುರಿದದ್ದು ಹೊರಗಿನ ನ್ಯಾಯಾಧೀಶರೋ ಪತ್ರಕರ್ತರೋ ಅಲ್ಲ, ಅದೇ ಊರುಗಳ ಒಬ್ಬ ಮೊಮ್ಮಗಳು. ಮೌಂಟನ್ ಮೆಡೋಸ್ ಕುರಿತು ಬೆಳೆದಿರುವ ದೊಡ್ಡ ಸಾಹಿತ್ಯದಲ್ಲಿ ನನಗೆ ಮುಖ್ಯವಾಗಿ ಕಾಣುವ ಸಂಗತಿ ಇದೇ.

ಹಿನ್ನೆಲೆಯನ್ನು ಚುಟುಕಾಗಿ ಹೇಳುವುದಾದರೆ, ಮಿಸೌರಿ ಮತ್ತು ಇಲಿನಾಯ್ ರಾಜ್ಯಗಳಲ್ಲಿ ಹೊಡೆತ ತಿಂದು, ಪ್ರವಾದಿ ಜೋಸೆಫ್ ಸ್ಮಿತ್‌ರನ್ನು 1844ರಲ್ಲಿ ಗುಂಪುದಾಳಿಗೆ ಕಳೆದುಕೊಂಡ ಮಾರ್ಮನ್ನರು 1847ರಲ್ಲಿ ಯೂಟಾದ ಬೆಟ್ಟನಾಡಿಗೆ ಬಂದು ನೆಲೆಸಿದ್ದರು. ಹತ್ತು ವರ್ಷ ಕಳೆಯುವಷ್ಟರಲ್ಲಿ, ಅಂದರೆ 1857ರಲ್ಲಿ, ಅಧ್ಯಕ್ಷ ಬ್ಯುಕಾನನ್ ಅವರ ಮೇಲೆ ಸೇನೆ ಕಳುಹಿಸಿದರು. ಅದೇ ಮೇ ತಿಂಗಳಲ್ಲಿ ಮಾರ್ಮನ್ ಧರ್ಮಗುರು ಪಾರ್ಲಿ ಪ್ರಾಟ್ ಕೊಲೆಯಾದದ್ದು ಅರ್ಕಾನ್ಸಾದಲ್ಲಿ. ಧರ್ಮಸಭೆಯ ಮುಖ್ಯಸ್ಥ ಬ್ರಿಗಂ ಯಂಗ್ ಯುದ್ಧಕಾಲದ ಕಾನೂನು ಸಾರಿದರು. ಹೊರಗಿನವರಿಗೆ ಧಾನ್ಯ ಮಾರಬೇಡಿ ಎಂಬ ಮಾತು ಹಳ್ಳಿಹಳ್ಳಿಗೆ ತಲುಪಿತು. ಅಂಥ ಹೊತ್ತಿನಲ್ಲಿ ನೂರಾರು ದನಗಳನ್ನು ಹೊಡೆದುಕೊಂಡು, ಬೇಕರ್ ಮತ್ತು ಫ್ಯಾಂಚರ್ ಎಂಬ ಕುಟುಂಬಗಳ ಮುಂದಾಳತ್ವದಲ್ಲಿ, ಅರ್ಕಾನ್ಸಾದ ಬಂಡಿಸಾಲು ಆ ಹಾದಿಯಲ್ಲಿ ಬಂತು.

ಸೆಪ್ಟೆಂಬರ್ 7ರ ಸೋಮವಾರ ಬೆಳಿಗ್ಗೆ ಮೊದಲ ದಾಳಿ. ಪ್ರಯಾಣಿಕರು ಬಂಡಿಗಳನ್ನು ಸುತ್ತ ನಿಲ್ಲಿಸಿ, ಗಾಲಿಗಳನ್ನು ಮಣ್ಣಿನಲ್ಲಿ ಹೂತು, ಐದು ದಿನ ಎದುರಿಸಿದರು. ಬುಗ್ಗೆ ಕಣ್ಣೆದುರಿಗೇ ಇತ್ತು, ಆದರೆ ಗುಂಡಿನ ದಾರಿ ದಾಟಿ ನೀರು ತರುವುದು ಕಷ್ಟವಾಗಿತ್ತು. ಶುಕ್ರವಾರ ಮಾರ್ಮನ್ ಮುಂದಾಳುಗಳಲ್ಲಿ ಒಬ್ಬನಾದ ಜಾನ್ ಡಿ. ಲೀ ಬಿಳಿ ಬಾವುಟದೊಂದಿಗೆ ಅವರ ಬಳಿ ಹೋದ. ಆಯುಧ ಒಪ್ಪಿಸಿ, ಇಲ್ಲಿನ ಮೂಲನಿವಾಸಿ ಇಂಡಿಯನ್ನರಿಂದ ನಿಮ್ಮನ್ನು ಪಾರು ಮಾಡಿ ಸೀಡರ್ ಸಿಟಿಗೆ ಕರೆದೊಯ್ಯುತ್ತೇವೆ ಎಂದು ನಂಬಿಸಿದ. ಆಯುಧ, ಗಾಯಾಳುಗಳು ಮತ್ತು ಕೂಸುಗಳು ಬಂಡಿಗಳಲ್ಲಿ ಮುಂದೆ. ಹೆಂಗಸರು, ದೊಡ್ಡ ಮಕ್ಕಳು ಅವರ ಹಿಂದೆ. ಕೊನೆಗೆ ಗಂಡಸರು ಒಬ್ಬೊಬ್ಬರಾಗಿ ಸಾಲಿನಲ್ಲಿ, ಪ್ರತಿಯೊಬ್ಬರ ಮಗ್ಗುಲಿಗೂ ಕಾವಲಿನ ನೆಪದಲ್ಲಿ ಬಂದೂಕು ಹಿಡಿದ, ಸ್ಥಳೀಯರ ಪಡೆಯಾದ ಮಿಲಿಷಿಯಾದ ಒಬ್ಬೊಬ್ಬ. ಒಂದಷ್ಟು ದೂರ ನಡೆದ ಮೇಲೆ ಮಿಲಿಷಿಯಾದ ಮೇಜರ್ ಹಿಗ್ಬೀ ಸೂಚನೆ ಕೊಟ್ಟ. ಕಾವಲಿಗಿದ್ದವರು ಪಕ್ಕಕ್ಕೆ ತಿರುಗಿ ಗುಂಡು ಹಾರಿಸಿದರು. ಕೆಲವೇ ನಿಮಿಷಗಳಲ್ಲಿ ಎಲ್ಲ ಮುಗಿಯಿತು. ಏನು ಮಾಡಬೇಕೆಂದು ಯಂಗ್‌ರನ್ನು ಕೇಳಲು ಸಾಲ್ಟ್ ಲೇಕ್ ಸಿಟಿಗೆ ಕುದುರೆಯ ಮೇಲೆ ಹೋಗಿದ್ದ ಜೇಮ್ಸ್ ಹ್ಯಾಸ್ಲಂ, ಆ ಪ್ರಯಾಣಿಕರ ತಂಟೆಗೆ ಹೋಗಬೇಡಿ ಎಂಬ ಉತ್ತರ ಹಿಡಿದು ಮರಳಿದ್ದು 13ರಂದು. ಅಷ್ಟರಲ್ಲಿ ಎರಡು ದಿನ ತಡವಾಗಿತ್ತು.

ಇನ್ನು ನೆನಪಿನ ಕಥೆ. ಕೊಲೆಯ ಮರುದಿನ ಆ ಮೈದಾನದಲ್ಲೇ ಭಾಗಿಗಳು ಸೇರಿ, ನಡೆದದ್ದನ್ನು ಬಾಯಿ ಬಿಡುವುದಿಲ್ಲ, ಎಲ್ಲವನ್ನೂ ಇಂಡಿಯನ್ನರ ಮೇಲೆ ಹಾಕುತ್ತೇವೆ ಎಂದು ಆಣೆ ಮಾಡಿಕೊಂಡರು. ಭಾಗಿಗಳೇ ಮುಂದೆ ಕೊಟ್ಟ ಹೇಳಿಕೆಗಳಿಂದ ತಿಳಿದುಬಂದ ಸಂಗತಿ ಇದು. ಲೀ ಅದೇ ನವೆಂಬರ್‌ನಲ್ಲಿ ಯಂಗ್‌ಗೆ ಬರೆದ ವರದಿಯಲ್ಲಿ ಪೈಯೂಟ್ ಇಂಡಿಯನ್ನರೇ ಕೊಂದರು ಎಂದಿದೆ. ಆ ಬುಡಕಟ್ಟಿನವರಲ್ಲಿ ಕೆಲವರನ್ನು ಮಾರ್ಮನ್ ಮುಂದಾಳುಗಳು ದಾಳಿಗೆ ಸೇರಿಸಿಕೊಂಡಿದ್ದರು ಎನ್ನುವ ಇತಿಹಾಸಕಾರರಿದ್ದಾರೆ. ನಮ್ಮವರು ದೂರದಿಂದ ನೋಡಿದರಷ್ಟೇ ಎನ್ನುವುದು ಪೈಯೂಟರಲ್ಲಿ ಬಾಯಿಂದ ಬಾಯಿಗೆ ಬಂದಿರುವ ಮಾತು. ಎರಡರಲ್ಲಿ ಯಾವುದನ್ನು ಒಪ್ಪಿದರೂ, ಯೋಜನೆ ಮಾಡಿದವರು ಮತ್ತು ಬಿಳಿ ಬಾವುಟ ಹಿಡಿದು ನಂಬಿಸಿ ಕೊಂದವರು ಯಾರು ಎಂಬುದರಲ್ಲಿ ಸಂಶಯ ಉಳಿಯುವುದಿಲ್ಲ. ಆದರೂ ಒಂದು ಶತಮಾನಕ್ಕಿಂತ ಹೆಚ್ಚು ಕಾಲ ಆ ಸೀಮೆಯ ಕಥೆಯಲ್ಲಿ ಮೊದಲ ಆರೋಪಿ ಪೈಯೂಟನೇ. ಬರೆಯುವ ಕೈ, ಅಚ್ಚಿನ ಮನೆ, ನ್ಯಾಯಾಲಯ ಯಾವುದೂ ಇಲ್ಲದವರ ಮೇಲೆ ತಪ್ಪು ಹೊರಿಸುವುದು ಸುಲಭದ ಕೆಲಸವಾಗಿತ್ತು.

ಎರಡನೆಯ ಪಾಲು ಸತ್ತವರಿಗೇ ಬಂತು. ಬಂಡಿಸಾಲಿನವರು ಕಾರ್ನ್ ಕ್ರೀಕ್ ಎಂಬಲ್ಲಿ ಬುಗ್ಗೆಗೆ ವಿಷ ಹಾಕಿದರಂತೆ, ಸತ್ತ ಎತ್ತಿಗೆ ವಿಷ ಬೆರೆಸಿ ಇಂಡಿಯನ್ನರಿಗೆ ಕೊಟ್ಟರಂತೆ. ಪ್ರವಾದಿ ಸ್ಮಿತ್‌ರನ್ನು ಕೊಂದ ಬಂದೂಕು ನಮ್ಮಲ್ಲೇ ಇದೆ ಎಂದು ಕೊಚ್ಚಿಕೊಂಡರಂತೆ. ಜತೆಗೆ ಮಿಸೌರಿಯ ಪುಂಡರ ಗುಂಪೂ ಇತ್ತಂತೆ. ಈ ‘ಅಂತೆ’ಗಳು ಅಜ್ಜಂದಿರಿಂದ ಮೊಮ್ಮಕ್ಕಳಿಗೆ ಇಳಿದವು. ಆ ಸೀಮೆಯಲ್ಲಿ ದನಗಳೂ ಕೆಲವು ಮನುಷ್ಯರೂ ಕಾಯಿಲೆ ಬಿದ್ದದ್ದು ನಿಜ. ದನಗಳಿಂದ ಹರಡಿದ ಆಂಥ್ರಾಕ್ಸ್ ಅದಕ್ಕೆ ಕಾರಣವಾಗಿರಬಹುದು ಎಂದು ರೊನಾಲ್ಡ್ ವಾಕರ್, ರಿಚರ್ಡ್ ಟರ್ಲಿ ಮತ್ತು ಗ್ಲೆನ್ ಲೆನರ್ಡ್ 2008ರ ತಮ್ಮ ಪುಸ್ತಕದಲ್ಲಿ ವಾದಿಸಿದ್ದಾರೆ. ಗಮನಿಸಬೇಕಾದ ಅಂಶವೆಂದರೆ ಈ ಮೂವರೂ ಮಾರ್ಮನ್ನರೇ, ಚರ್ಚಿನ ದಫ್ತರುಗಳನ್ನು ತೆರೆಸಿಕೊಂಡು ಬರೆದವರು. ಇನ್ನು ಬಂದೂಕಿನ ಕಥೆ ನಿಜವೆಂದೇ ಇಟ್ಟುಕೊಳ್ಳೋಣ. ಯಾರೋ ಒಬ್ಬ ಬಾಯಿಬಡುಕನ ಮಾತಿಗೆ ಹಾಲು ಕುಡಿಯುವ ಮಕ್ಕಳ ತಾಯಂದಿರನ್ನು ಕೊಂದದ್ದು ಹೇಗೆ ಸರಿಯಾಗುತ್ತದೆ? ಹಾಗೆ ಕೇಳಿದವರು ಆ ಊರುಗಳಲ್ಲಿ ಇರಲಿಲ್ಲವೆಂದಲ್ಲ. ಮನಸ್ಸಿನಲ್ಲೇ ಕೇಳಿಕೊಂಡವರು ಬಹಳ ಮಂದಿ ಇದ್ದಿರಬೇಕು.

ಮೂರನೆಯ ಪಾಲು ಲೀಯದು. 1859ರಲ್ಲೇ ಫೆಡರಲ್ ನ್ಯಾಯಾಧೀಶ ಜಾನ್ ಕ್ರೇಡಲ್‌ಬಾ ವಾರಂಟ್ ಹೊರಡಿಸಿದರೂ ಯಾರೂ ಸಿಕ್ಕಲಿಲ್ಲ, ಸಾಕ್ಷಿ ಹೇಳುವವರೂ ಇರಲಿಲ್ಲ. 1870ರಲ್ಲಿ ಲೀಯನ್ನು ಚರ್ಚಿನಿಂದ ಹೊರಹಾಕಿದರು. 1874ರ ನವೆಂಬರ್‌ನಲ್ಲಿ ಪ್ಯಾಂಗ್ವಿಚ್ ಎಂಬ ಊರಿನಲ್ಲಿ, ಕೋಳಿಗೂಡಿನಂಥ ಒಂದು ಗೂಡಿನಲ್ಲಿ ಅಡಗಿದ್ದಾಗ ಸಿಕ್ಕಿಬಿದ್ದ. ಒಟ್ಟು ಒಂಬತ್ತು ಮಂದಿಯ ಮೇಲೆ ಆರೋಪಪಟ್ಟಿ ಸಲ್ಲಿಕೆಯಾಗಿತ್ತು. 1875ರಲ್ಲಿ ಬೀವರ್ ಪಟ್ಟಣದಲ್ಲಿ ನಡೆದ ಮೊದಲ ವಿಚಾರಣೆಯಲ್ಲಿ ಸರ್ಕಾರಿ ವಕೀಲರು ಇಡೀ ಚರ್ಚನ್ನೇ ಕಟಕಟೆಗೆ ತರಲು ನೋಡಿದರು. ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. 1876ರ ಸೆಪ್ಟೆಂಬರ್‌ನಲ್ಲಿ ಎರಡನೆಯ ವಿಚಾರಣೆ. ಈ ಸಲ ಹೊಸ ವಕೀಲ ಸಮ್ನರ್ ಹೋವರ್ಡ್ ಚರ್ಚನ್ನು ಬಿಟ್ಟು ಲೀಯನ್ನಷ್ಟೇ ಹಿಡಿದರು. ಇಪ್ಪತ್ತು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದವರು ಸಾಕ್ಷಿಪೆಟ್ಟಿಗೆಗೆ ಬಂದು ನಿಂತರು. ಲೀ ಎಲ್ಲಿ ನಿಂತಿದ್ದ, ಯಾರಿಗೆ ಹೊಡೆದ ಎಂಬುದೆಲ್ಲ ಅವರಿಗೆ ಸ್ಪಷ್ಟವಾಗಿ ನೆನಪಿತ್ತು. ಪಕ್ಕದಲ್ಲಿದ್ದ ಉಳಿದವರು ಯಾರು ಎಂದು ಕೇಳಿದರೆ ನೆನಪು ಮಸುಕಾಗುತ್ತಿತ್ತು. ಎಲ್ಲ ಮಾರ್ಮನ್ನರೇ ಇದ್ದ ಜ್ಯೂರಿ ಲೀಯನ್ನು ತಪ್ಪಿತಸ್ಥ ಎಂದಿತು. 1877ರ ಮಾರ್ಚ್ 23ರಂದು ಅವನನ್ನು ಅದೇ ಹುಲ್ಲುಗಾವಲಿಗೆ ಕರೆತಂದು, ಅವನದೇ ಶವಪೆಟ್ಟಿಗೆಯ ಮೇಲೆ ಕೂರಿಸಿ ಗುಂಡಿಟ್ಟರು. ಸೀಡರ್ ಸಿಟಿಯ ಮುಖ್ಯಸ್ಥ ಐಸಾಕ್ ಹೈಟ್, ಹಿಗ್ಬೀ ಮುಂತಾದವರು ತಲೆಮರೆಸಿಕೊಂಡು ಬದುಕಿ, ಕಾಯಿಲೆ ಬಂದೋ ವಯಸ್ಸಾಗಿಯೋ ಸತ್ತರು.

ಲೀ ನಿರಪರಾಧಿ ಎಂದು ನಾನು ಹೇಳುತ್ತಿಲ್ಲ. ಬಿಳಿ ಬಾವುಟ ಹಿಡಿದವನೇ ಅವನು. ಆದರೆ ಒಬ್ಬನಿಗೆ ಗುಂಡಿಟ್ಟ ಮೇಲೆ ಇಡೀ ಸೀಮೆಯ ಲೆಕ್ಕ ಚುಕ್ತಾ ಆಯಿತು ಎಂಬ ಭಾವನೆ ಹೇಗೆ ಬೇರೂರಿತು ಎಂಬುದು ಮುಖ್ಯ. ಅಂದಿನಿಂದ ಹುಲ್ಲುಗಾವಲಿನ ಮಾತು ಬಂದರೆ ಲೀಯ ಹೆಸರು ಸಾಕಾಗುತ್ತಿತ್ತು. ಲೀಯ ಮಕ್ಕಳು ಮೊಮ್ಮಕ್ಕಳು ಆ ಕಳಂಕವನ್ನು ಹೊತ್ತು ತಿರುಗಿದರೆ, ಉಳಿದ ಮನೆತನಗಳವರು ಊರ ಹಿರಿಯರಾಗಿ, ಬಿಷಪ್‌ಗಳಾಗಿ ಬಾಳಿದರು.

ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗದು ಎಂಬ ಮಾತು ನಮ್ಮಲ್ಲಿದೆ. ದಕ್ಷಿಣ ಯೂಟಾ ಈ ಮಾತಿಗೆ ಹೊರತಾದದ್ದು ಹೇಗೆ? ಚರ್ಚಿನ ಅಪ್ಪಣೆಯಿಂದ ಎಂಬುದು ಸುಲಭದ ಉತ್ತರ. ನನಗೆ ಅದು ಸಾಲದು. ಚರ್ಚಿನ ಅಪ್ಪಣೆ ಎಷ್ಟೇ ಕಟ್ಟುನಿಟ್ಟಾಗಿದ್ದರೂ ಅಡುಗೆಮನೆಯ ಪಿಸುಮಾತನ್ನು ತಡೆಯಲಾರದು. ತಡೆದದ್ದು ನೆಂಟಸ್ತನ. ಬೆಟ್ಟಗಳ ನಡುವಿನ ನಾಲ್ಕಾರು ಹಳ್ಳಿಗಳು, ಬಹುಪತ್ನಿತ್ವದಿಂದಾಗಿ ಒಬ್ಬೊಬ್ಬ ಹಿರಿಯನಿಗೂ ಹತ್ತಾರು ಮಕ್ಕಳು, ಆ ಮಕ್ಕಳ ನಡುವೆ ಕೊಡುಕೊಳ್ಳುವಿಕೆ. ಎರಡು ತಲೆಮಾರು ಕಳೆಯುವಷ್ಟರಲ್ಲಿ ಯಾರ ಅಜ್ಜನ ಹೆಸರೆತ್ತಿದರೂ ಕೇಳುತ್ತ ಕೂತವರ ಮಾವನಿಗೋ ಭಾವನಿಗೋ ತಗಲುತ್ತಿತ್ತು. ಕೆನಡಿ ಮತ್ತು ಜಾನ್ಸನ್ ಸರ್ಕಾರಗಳಲ್ಲಿ ಸಚಿವರಾಗಿದ್ದ ಸ್ಟುವರ್ಟ್ ಯೂಡಾಲ್, ಬ್ರಿಗಂ ಯಂಗ್ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ರೆಕ್ಸ್ ಲೀ ಇಬ್ಬರೂ ಜಾನ್ ಡಿ. ಲೀಯ ವಂಶದವರು. ನೆಂಟರ ನಡುವೆ ಸತ್ಯ ಹೇಳುವುದು ಅಪರಿಚಿತರಿಗೆ ಹೇಳುವುದಕ್ಕಿಂತ ಕಷ್ಟ. ಅದಕ್ಕೆ ಅಪ್ಪಣೆ ಯಾರೂ ಕೊಡಬೇಕಿಲ್ಲ.

ನೆಲವೂ ಈ ನೆನಪಿನಲ್ಲಿ ಪಾಲು ಪಡೆಯಿತು. ಆಳೆತ್ತರದ ಹುಲ್ಲಿದ್ದ ಜಾಗ ಕೆಲವೇ ದಶಕಗಳಲ್ಲಿ ಕೊರಕಲು ಬಿದ್ದು, ಒಣಗಿ, ಕುರುಚಲು ಗಿಡಗಳ ಬಯಲಾಯಿತು. ಶಾಪ ತಗುಲಿತು ಎಂದರು ಸುತ್ತಲಿನವರು. ಮಿತಿಮೀರಿ ದನ ಮೇಯಿಸಿದ್ದು ಮತ್ತು ಪ್ರವಾಹದಲ್ಲಿ ಮಣ್ಣು ಕೊಚ್ಚಿಹೋದದ್ದು ಇದಕ್ಕೆ ಕಾರಣ. ಆದರೂ ಆ ಶಾಪದ ಮಾತನ್ನು ಮೂಢನಂಬಿಕೆ ಎಂದು ತಳ್ಳಿಹಾಕಲು ಮನಸ್ಸು ಬಾರದು. ಪೈಯೂಟರೇ ಕೊಂದರು, ನಮ್ಮದೇನೂ ತಪ್ಪಿಲ್ಲ ಎಂದು ಬಾಯಲ್ಲಿ ಹೇಳುತ್ತಿದ್ದ ಜನ ನೆಲ ಒಣಗಿದ್ದಕ್ಕೆ ದೇವರ ಸಿಟ್ಟನ್ನು ಕಾರಣ ಮಾಡಿದರೆಂದರೆ, ತಪ್ಪು ಯಾರದೆಂಬುದು ಅವರಿಗೆ ಗೊತ್ತಿತ್ತು.

ಈ ಮೌನಕ್ಕೆ ಕೊಡಲಿಪೆಟ್ಟು ಕೊಟ್ಟವಳು ಹುವಾನಿಟಾ ಬ್ರೂಕ್ಸ್. 1898ರಲ್ಲಿ ನೆವಾಡಾದ ಬಂಕರ್‌ವಿಲ್ ಎಂಬ ಮಾರ್ಮನ್ ಹಳ್ಳಿಯಲ್ಲಿ ಹುಟ್ಟಿದವಳು. ಅಜ್ಜ ಡಡ್ಲಿ ಲೆವಿಟ್ ಆ ಸೀಮೆಯ ಆದಿ ನೆಲಸಿಗರಲ್ಲಿ ಒಬ್ಬ, ಅವನ ಹೆಸರೂ ಆ ಹುಲ್ಲುಗಾವಲಿನ ಜತೆ ಕೇಳಿಬರುತ್ತಿತ್ತು. ಇಪ್ಪತ್ತರ ಆಸುಪಾಸಿನಲ್ಲಿ ಅವಳು ಪಕ್ಕದ ಮೆಸ್ಕೀಟ್‌ನಲ್ಲಿ ಶಾಲಾ ಮೇಡಂ ಆಗಿದ್ದಾಗ ನೀಫೈ ಜಾನ್ಸನ್ ಎಂಬ ಹಿರಿಯರು ಬಂದು, ತಾನು ಕಂಡದ್ದನ್ನು ಯಾರಿಗೂ ಹೇಳಿಲ್ಲ, ನೀನು ಬರೆದುಕೊಳ್ಳಬೇಕು ಎಂದು ಕೇಳಿದ್ದರು. ಆಗಲಿ, ಬರುತ್ತೇನೆ ಎಂದಳು, ಹೋಗುವುದು ತಡವಾಯಿತು. 1919ರಲ್ಲಿ ಅವರ ಹಾಸಿಗೆಯ ಬಳಿ ಹೋಗಿ ಕೂತಾಗ ಜಾನ್ಸನ್‌ಗೆ ಎಚ್ಚರ ಅರ್ಧವಿತ್ತು, ಅರ್ಧವಿರಲಿಲ್ಲ. ನಡುನಡುವೆ ಕಣ್ಣು ತೆರೆದು ರಕ್ತ, ರಕ್ತ ಎಂದು ಕೂಗುತ್ತಿದ್ದರು. ಈ ಸೌಮ್ಯ ಮುದುಕರಿಗೆ ಏನಾಗಿದೆ ಎಂದು ಅವಳಿಗೆ ಗಾಬರಿ. ಅವರು ಮೌಂಟನ್ ಮೆಡೋಸ್‌ನಲ್ಲಿದ್ದರು ಎಂದು ಮನೆಯವರು ಹೇಳಿದ ಮೇಲಷ್ಟೇ ತಿಳಿದದ್ದು. ಲೀ ವಿಚಾರಣೆಯಲ್ಲಿ ಲೀಯ ವಿರುದ್ಧ ಸಾಕ್ಷಿ ಹೇಳಿದ್ದವರಲ್ಲಿ ಜಾನ್ಸನ್ ಕೂಡ ಒಬ್ಬರು. ಅಂದು ನ್ಯಾಯಾಲಯದಲ್ಲಿ ಹೇಳದೆ ಉಳಿಸಿಕೊಂಡದ್ದು ಸಾಯುವ ಹೊತ್ತಿಗೆ ಅವರನ್ನು ಬಿಡಲಿಲ್ಲ.

ಬ್ರೂಕ್ಸ್ ಇತಿಹಾಸದ ಪ್ರಾಧ್ಯಾಪಕಿಯಲ್ಲ. ಸೇಂಟ್ ಜಾರ್ಜ್ ಪಟ್ಟಣದ ಗೃಹಿಣಿ, ಹಲವು ಮಕ್ಕಳ ತಾಯಿ, ಕೊನೆತನಕ ಚರ್ಚಿಗೆ ಹೋಗುತ್ತಿದ್ದ ಭಕ್ತೆ. 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ಸರ್ಕಾರದ ಯೋಜನೆಯೊಂದರಡಿ ಹಳೆಯ ನೆಲಸಿಗರ ದಿನಚರಿ, ಪತ್ರಗಳನ್ನು ಮನೆಮನೆಯಿಂದ ಕಲೆಹಾಕಿ ಟೈಪ್ ಮಾಡಿಸುವ ಕೆಲಸ ಹಿಡಿದಳು. ಹೊರಗಿನ ಸಂಶೋಧಕರಿಗೆ ತೆರೆಯದ ಪೆಟ್ಟಿಗೆಗಳು ಅವಳಿಗೆ ತೆರೆದವು; ಅವಳು ಡಡ್ಲಿಯ ಮೊಮ್ಮಗಳು ಎಂಬುದೇ ಅದಕ್ಕೆ ಕಾರಣ. ಮನೆಯಲ್ಲಿ ಇಸ್ತ್ರಿ ಹಲಗೆಯನ್ನು ಸದಾ ಹಾಕಿಟ್ಟು, ಅಕ್ಕಪಕ್ಕದವರು ಬಂದರೆ ಟೈಪ್‌ರೈಟರ್ ಮೇಲೆ ಬಟ್ಟೆ ಎಳೆದು ಇಸ್ತ್ರಿ ಮಾಡುವವಳಂತೆ ನಿಲ್ಲುತ್ತಿದ್ದಳೆಂದು ಅವಳ ಬದುಕನ್ನು ಬರೆದವರು ಹೇಳುತ್ತಾರೆ. ಬರವಣಿಗೆಯ ಗೀಳು ಹಿಡಿದ ಹೆಂಗಸು ಎನ್ನಿಸಿಕೊಳ್ಳಲು ಅವಳಿಗೆ ಇಷ್ಟವಿರಲಿಲ್ಲ. ಚರ್ಚಿನ ಕಚೇರಿಯಲ್ಲಿದ್ದ ಪ್ರಮಾಣಪತ್ರಗಳನ್ನು ನೋಡಲು ಕೇಳಿದಾಗ ಅನುಮತಿ ಸಿಗಲಿಲ್ಲ. 1892ರಲ್ಲಿ ಆಂಡ್ರ್ಯೂ ಜೆನ್ಸನ್ ಎಂಬ ಚರ್ಚ್ ಇತಿಹಾಸಕಾರ ದಕ್ಷಿಣ ಯೂಟಾ ಸುತ್ತಿ, ಆಗ ಇನ್ನೂ ಬದುಕಿದ್ದ ಭಾಗಿಗಳ ಹೇಳಿಕೆ ಪಡೆದು ತಂದಿದ್ದು ಅದೇ ದಫ್ತರಿನಲ್ಲಿತ್ತು. ಅಷ್ಟಿದ್ದೂ 1950ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯದಿಂದ ಅವಳ ಪುಸ್ತಕ ಹೊರಬಂತು. ಕೊಂದವರು ನಮ್ಮವರೇ, ಮಿಲಿಷಿಯಾದ ಆಜ್ಞೆಯಂತೆ ನಡೆದ ಕೊಲೆ, ಯಂಗ್ ಆಜ್ಞೆ ಕೊಟ್ಟಿರಲಿಲ್ಲ, ಆದರೆ ಅವರ ಮತ್ತು ಅವರ ಆಪ್ತರ ಬೆಂಕಿಯಂಥ ಪ್ರವಚನಗಳು ಹದ ಮಾಡಿಕೊಟ್ಟವು, ಆಮೇಲೆ ಮುಚ್ಚಿಹಾಕುವುದರಲ್ಲಿ ಅವರ ಪಾತ್ರವಿತ್ತು. ಅವಳು ಮಂಡಿಸಿದ್ದು ಇಷ್ಟು. ಚರ್ಚ್ ಅವಳನ್ನು ಹೊರಹಾಕಲಿಲ್ಲ, ಹತ್ತಿರಕ್ಕೂ ಸೇರಿಸಲಿಲ್ಲ. 1961ರಲ್ಲಿ ಲೀಗೆ ಮರಣೋತ್ತರವಾಗಿ ಚರ್ಚಿನ ಸದಸ್ಯತ್ವ ಮರಳಿತು. ಆ ಸುದ್ದಿ ಪ್ರಚಾರವಾಗದಿರಲಿ ಎಂಬ ಒತ್ತಡವಿದ್ದರೂ ಅವಳು ಅದನ್ನು ಅಚ್ಚು ಹಾಕಿಸಿದಳು.

ಇಲ್ಲಿ ಒಂದು ಆಕ್ಷೇಪ ಬರುವುದು ಸಹಜ. ಒಳಗಿನವರೇ ಸತ್ಯ ಹೇಳಿದರು ಎಂದು ಹೊಗಳುವುದು ಸರಿ, ಆದರೆ 1859ರಲ್ಲಿ ಹೊರಗಿನವರು ಬಂದಿರದಿದ್ದರೆ ದಾಖಲೆಯೇ ಎಲ್ಲಿರುತ್ತಿತ್ತು? ಇದು ತೂಕದ ಮಾತು. ಆ ವರ್ಷ ಮೇ ತಿಂಗಳಲ್ಲಿ ಸೇನೆಯ ಮೇಜರ್ ಜೇಮ್ಸ್ ಕಾರ್ಲಟನ್ ಅಲ್ಲಿಗೆ ಬಂದು, ತೋಳಗಳು ಚೆಲ್ಲಾಪಿಲ್ಲಿ ಮಾಡಿದ್ದ ಮೂಳೆಗಳನ್ನು ಹೂಳಿಸಿ, ಮೇಲೆ ಕಲ್ಲುಗುಪ್ಪೆ ಪೇರಿಸಿ, ದೇವದಾರು ಜಾತಿಯ ಮರದ ಶಿಲುಬೆ ನೆಟ್ಟರು. ಕುರುಚಲು ಗಿಡಗಳಿಗೆ ಹೆಂಗಸರ ಕೂದಲಿನ ಎಳೆಗಳು ಸಿಕ್ಕಿಕೊಂಡಿದ್ದವೆಂದು ಅವರ ವರದಿಯಲ್ಲಿದೆ. ಎರಡು ವರ್ಷದ ನಂತರ ಬ್ರಿಗಂ ಯಂಗ್ ಆ ಜಾಗಕ್ಕೆ ಬಂದುಹೋದ ಸಂದರ್ಭದಲ್ಲೇ ಆ ಕಲ್ಲುಗುಪ್ಪೆ ನೆಲಕ್ಕುರುಳಿತು. ಹೊರಗಿನವರ ದಾಖಲೆ ಇಲ್ಲದೆ ಬ್ರೂಕ್ಸ್‌ಗೂ ಕೆಲಸ ಸಾಗುತ್ತಿರಲಿಲ್ಲ, ಒಪ್ಪುತ್ತೇನೆ. ಆದರೆ ಆ ದಾಖಲೆಗಳು ತೊಂಬತ್ತು ವರ್ಷ ಅಲ್ಲಿಯವರನ್ನು ಕದಲಿಸಲಿಲ್ಲ. ನಮ್ಮ ಧರ್ಮವನ್ನು ಹಳಿಯುವವರ ಮಾತು ಎಂದು ಪಕ್ಕಕ್ಕಿಡುವುದು ಸುಲಭವಾಗಿತ್ತು. ಅಂದಿನ ಮಾರ್ಮನ್ ವಿರೋಧಿ ಪತ್ರಿಕೆಗಳ ಬಣ್ಣಬಣ್ಣದ ಬರವಣಿಗೆ ಅದಕ್ಕೆ ಅನುಕೂಲವನ್ನೂ ಮಾಡಿಕೊಟ್ಟಿತು. ಮಗ್ಗುಲಿನ ಪ್ರಾರ್ಥನಾ ಬೆಂಚಿನಲ್ಲಿ ಕೂರುವವಳು ಅದೇ ಮಾತನ್ನು ಹೇಳಿದಾಗ ಪಕ್ಕಕ್ಕಿಡಲು ಆಗಲಿಲ್ಲ. ಕೊಲೆಯ ವಿವರಗಳನ್ನು ಮೊದಲು ಬಿಚ್ಚಿಟ್ಟವನೂ ಒಳಗಿನವನೇ: ಸೀಡರ್ ಸಿಟಿಯ ಬಿಷಪ್ ಆಗಿದ್ದ ಫಿಲಿಪ್ ಕ್ಲಿಂಗನ್‌ಸ್ಮಿತ್ 1871ರಲ್ಲಿ, ಚರ್ಚಿನಿಂದ ದೂರವಾಗಿ ನೆವಾಡಾದಲ್ಲಿದ್ದಾಗ ಪ್ರಮಾಣಪತ್ರ ಸಲ್ಲಿಸಿದ್ದ.

ಇನ್ನೊಂದು ಆಕ್ಷೇಪ ಯಂಗ್ ಅವರನ್ನು ಕುರಿತದ್ದು. ವಿಲ್ ಬ್ಯಾಗ್ಲಿಯಂಥ ಇತಿಹಾಸಕಾರರು, ಧರ್ಮಸಭೆಯ ತಲೆಯಾಳಿನ ಇಚ್ಛೆಯಿಲ್ಲದೆ ಇದು ನಡೆಯುವಂತಿರಲಿಲ್ಲ, ಬಡ ರೈತರನ್ನು ಮುಂದೆ ಮಾಡಿ ದೊಡ್ಡವರನ್ನು ಬಿಡುವುದು ಅನ್ಯಾಯ ಎಂದು ವಾದಿಸಿದ್ದಾರೆ. ಮೇಲಿನವರ ಹೊಣೆ ಸಣ್ಣದಲ್ಲ. ಆದರೆ ಯಂಗ್ ಹೇಳಿದರೇ ಇಲ್ಲವೇ ಎಂಬ ಒಂದೇ ಪ್ರಶ್ನೆಯ ಸುತ್ತ ನೂರು ವರ್ಷ ಜಗಳವಾಡಿದ್ದರಿಂದ ಆದ ನಷ್ಟವನ್ನೂ ನೋಡಬೇಕು. ಹೇಳಿದರು ಎಂದರೆ ರೈತರು ಆಜ್ಞೆಗೆ ಬಾಗಿದವರಾಗುತ್ತಾರೆ. ಹೇಳಲಿಲ್ಲ ಎಂದರೆ ಲೀಯಂಥ ಒಂದಿಬ್ಬರು ಮತಾಂಧರ ಕೆಲಸವಾಗುತ್ತದೆ. ಎರಡು ಕಡೆಯಿಂದಲೂ ಆ ಐವತ್ತು ಅರವತ್ತು ಮಂದಿ ಪಾರು. ನೀರಡಿಸಿದ ಜನರ ಮಗ್ಗುಲಲ್ಲಿ ನಡೆಯುತ್ತ ಬಂದು, ಸೂಚನೆ ಬಂದೊಡನೆ ಅವರ ಕಡೆಗೆ ತಿರುಗಿದವರು ಅವರು. ಗಾಳಿಯಲ್ಲಿ ಗುಂಡು ಹಾರಿಸಿದವರು, ಕಣ್ಣೀರಿಟ್ಟವರು ಕೆಲವರಿದ್ದರೆಂಬ ಹೇಳಿಕೆಗಳಿವೆ. ಹಾಗೆ ಮಾಡಬಹುದಿತ್ತು ಎಂಬುದಕ್ಕೆ ಅದೇ ಸಾಕ್ಷಿ.

ಇಷ್ಟು ಹಳೆಯದನ್ನು ಕೆದಕುವುದೇಕೆ, ಇಂದಿನವರು ಏನು ಮಾಡಿದ್ದಾರೆ ಎನ್ನುವವರೂ ಉಂಟು. ಇಂದಿನವರ ಮೇಲೆ ಕೊಲೆಯ ಹೊಣೆ ಇಲ್ಲ. ಆದರೆ 1857ರ ಸುಳ್ಳನ್ನು 1957ರಲ್ಲೂ ಹೇಳಿದರೆ ಆ ಸುಳ್ಳು 1957ರದೇ. ಅದರ ಪೆಟ್ಟು ಬಿದ್ದದ್ದು ಬದುಕಿರುವ ಜನರ ಮೇಲೆ. ಪೈಯೂಟ್ ಮಕ್ಕಳು ಶಾಲೆಯಲ್ಲಿ ತಮ್ಮವರನ್ನು ಕೊಲೆಗಡುಕರೆಂದು ಓದಿಕೊಂಡು ಬೆಳೆಯಬೇಕಾಯಿತು. 1954ರಲ್ಲಿ ಕೇಂದ್ರ ಸರ್ಕಾರ ಆ ಬುಡಕಟ್ಟಿನ ಮಾನ್ಯತೆಯನ್ನೇ ರದ್ದು ಮಾಡಿತು. ಮರಳಿ ಸಿಕ್ಕಿದ್ದು 1980ರಲ್ಲಿ.

1990ರಲ್ಲಿ ಕೊಂದವರ ಮತ್ತು ಸತ್ತವರ ವಂಶಸ್ಥರು ಸೇರಿ ಹುಲ್ಲುಗಾವಲಿನ ಮೇಲಿನ ದಿಬ್ಬದಲ್ಲಿ ಗ್ರಾನೈಟ್ ಗೋಡೆ ನಿಲ್ಲಿಸಿದರು. ಸತ್ತವರ ಹೆಸರುಗಳನ್ನು ಕೆತ್ತಿಸಿದರು. ದೊಡ್ಡ ಹೆಜ್ಜೆಯೇ. ಆದರೆ ಬಂಡಿಸಾಲಿನ ಮೇಲೆ ದಾಳಿಯಾಯಿತು ಎಂದು ಕೆತ್ತಿದವರು ಯಾರು ದಾಳಿ ಮಾಡಿದರೆಂದು ಕೆತ್ತಲಿಲ್ಲ. 1999ರಲ್ಲಿ ಕೆಳಗಿನ ಕಲ್ಲುಗುಪ್ಪೆಯನ್ನು ಹೊಸದಾಗಿ ಕಟ್ಟಲು ಹೊರಟಾಗ, ಆಗಸ್ಟ್ 3ರಂದು ಅಗೆಯುವ ಯಂತ್ರದ ಬಕೆಟ್ಟಿಗೆ ಮೂಳೆಗಳು ಸಿಕ್ಕವು, ಕನಿಷ್ಠ 28 ಮಂದಿಯವು. ರಾಜ್ಯದ ಕಾನೂನಿನಂತೆ ಅವುಗಳ ಪರೀಕ್ಷೆ ನಡೆಯಬೇಕಿತ್ತು. ಬೇಗ ಹೂಳಿಬಿಡಿ ಎಂದು ಅವಸರಿಸಿದ ಅಂದಿನ ರಾಜ್ಯಪಾಲ ಮೈಕ್ ಲೆವಿಟ್, ಬ್ರೂಕ್ಸ್‌ಳ ಅಜ್ಜ ಡಡ್ಲಿಯ ವಂಶದವರೇ. ಒಂದೇ ಮನೆತನ, ಎರಡು ದಾರಿ. ಸಿಕ್ಕ ಅಲ್ಪ ಸಮಯದಲ್ಲಿ ಮಾನವಶಾಸ್ತ್ರಜ್ಞೆ ಶ್ಯಾನನ್ ನೋವಾಕ್ ತಂಡ ಕಂಡುಕೊಂಡದ್ದು: ಗಂಡಸರ ತಲೆಬುರುಡೆಗಳಲ್ಲಿ ಹತ್ತಿರದಿಂದ ಹೊಡೆದ ಗುಂಡಿನ ತೂತು, ಹೆಂಗಸರು ಮಕ್ಕಳ ತಲೆಗಳಲ್ಲಿ ಜಜ್ಜಿದ ಪೆಟ್ಟು, ಇಂಡಿಯನ್ನರ ಕೈಚಳಕವೆಂದು ಹೇಳಿಕೊಂಡು ಬಂದಿದ್ದ ಬಾಣ, ತಲೆಚರ್ಮ ಸುಲಿತಗಳ ಗುರುತಿಲ್ಲ. ಸೆಪ್ಟೆಂಬರ್ 10ರಂದು ಮೂಳೆಗಳನ್ನು ಮತ್ತೆ ಹೂಳಿದರು. ಮರುದಿನದ ಸಮಾರಂಭದಲ್ಲಿ ಚರ್ಚಿನ ಅಧ್ಯಕ್ಷ ಗಾರ್ಡನ್ ಹಿಂಕ್ಲಿ ಆರ್ದ್ರವಾಗಿ ಮಾತನಾಡಿ, ಇದನ್ನು ಚರ್ಚ್ ತನ್ನ ಪಾಲನ್ನು ಒಪ್ಪಿಕೊಂಡಂತೆ ಯಾರೂ ತಿಳಿಯಬಾರದು ಎಂದೂ ಸೇರಿಸಿದರು.

ಸತ್ತವರ ಕಡೆಯ ನೆನಪಿನ ಕಥೆಯೂ ಬೆಟ್ಟನಾಡಿನದೇ. ಉಳಿದ ಮಕ್ಕಳನ್ನು ಎರಡು ವರ್ಷ ಕೊಂದವರ ಊರುಗಳಲ್ಲೇ ಸಾಕಲಾಯಿತು. 1859ರಲ್ಲಿ ಸರ್ಕಾರ ಅವರನ್ನು ವಾಪಸು ಪಡೆದು ಅರ್ಕಾನ್ಸಾದ ಓಝಾರ್ಕ್ ಬೆಟ್ಟಗಳ ಕ್ಯಾರಲ್ಟನ್‌ಗೆ ಕಳುಹಿಸಿತು. ಏನೂ ಹೇಳಲಾರರು ಎಂದು ಬಿಟ್ಟ ಕೂಸುಗಳಲ್ಲಿ ಒಬ್ಬಳಾದ ಸ್ಯಾಲಿ ಬೇಕರ್ 1940ರಲ್ಲಿ, ಎಂಬತ್ತು ದಾಟಿದ ಮೇಲೆ, ತನ್ನ ಕಥೆಯನ್ನು ಪತ್ರಿಕೆಯಲ್ಲಿ ಹೇಳಿಕೊಂಡಳು. ತಾನು ಅಪ್ಪನ ತೊಡೆಯ ಮೇಲೆ ಕೂತಿದ್ದಾಗ ಅಪ್ಪನನ್ನು ಕೊಂದ ಗುಂಡೇ ತನ್ನ ಎಡಗಿವಿಯನ್ನು ಸೀಳಿಕೊಂಡು ಹೋಯಿತು ಎಂದಳು. ಆಗ ಅವಳಿಗೆ ಮೂರು ವರ್ಷ. ಮೂರರ ಮಗುವಿನ ನೆನಪಿನಲ್ಲಿ ಆಮೇಲೆ ಕೇಳಿದ್ದು, ಓದಿದ್ದು ಎಷ್ಟು ಬೆರೆತಿದೆ ಎಂದು ಇತಿಹಾಸಕಾರ ಕೇಳಲೇಬೇಕು. ಅರ್ಕಾನ್ಸಾದ ನೆನಪೂ ಪೂರ್ತಿ ಶುದ್ಧವಲ್ಲ. ಅಲ್ಲಿ ಇಡೀ ಮಾರ್ಮನ್ ಸಮುದಾಯವನ್ನೇ ಕೊಲೆಗಾರರೆನ್ನುವ ಕಥೆಯೂ ಚಲಾವಣೆಯಲ್ಲಿತ್ತು. ಆದರೆ ಕಿವಿಯ ಮೇಲಿನ ಗಾಯದ ಗುರುತು ಯಾರಿಂದಲೋ ಕೇಳಿ ಬಂದದ್ದಲ್ಲ. 1955ರಲ್ಲಿ ಹ್ಯಾರಿಸನ್ ಪಟ್ಟಣದಲ್ಲಿ ವಂಶಸ್ಥರು ಸ್ಮಾರಕ ನಿಲ್ಲಿಸಿದರು. 2005ರಲ್ಲಿ ಕ್ಯಾರಲ್ಟನ್‌ನಲ್ಲಿ, ಯೂಟಾದಲ್ಲಿ ಉರುಳಿಬಿದ್ದ ಕಾರ್ಲಟನ್‌ನ ಕಲ್ಲುಗುಪ್ಪೆಯ ಪ್ರತಿರೂಪ ಎದ್ದಿತು.

2007ರ ಸೆಪ್ಟೆಂಬರ್ 11ರಂದು, 150ನೇ ವರ್ಷದ ಸಭೆಯಲ್ಲಿ, ಚರ್ಚಿನ ಹಿರಿಯ ಹೆನ್ರಿ ಐರಿಂಗ್ ಅಧಿಕೃತ ಹೇಳಿಕೆ ಓದಿದರು. ಆಳವಾದ ವಿಷಾದ ವ್ಯಕ್ತಪಡಿಸಿದರು. ಪೈಯೂಟರು ಅನ್ಯಾಯವಾಗಿ ಅಷ್ಟು ಕಾಲ ದೋಷ ಹೊರಬೇಕಾದದ್ದಕ್ಕೆ ಬೇರೆಯಾಗಿಯೇ ವಿಷಾದಿಸಿದರು. ಹೊಣೆ ಅಂದಿನ ಸ್ಥಳೀಯ ಮುಖಂಡರದು ಮತ್ತು ಅವರ ಮಾತಿನಂತೆ ನಡೆದವರದು ಎಂದರು. ಇದು ಬ್ರೂಕ್ಸ್ 57 ವರ್ಷ ಮೊದಲೇ ಹೇಳಿದ್ದ ಮಾತಿನ ಒಂದು ಭಾಗ ಮಾತ್ರ. ಇನ್ನೊಂದು ಭಾಗ, ಪ್ರವಚನಗಳ ಮತ್ತು ಮುಚ್ಚಿಹಾಕಿದ್ದರ ಭಾಗ, ಅಷ್ಟು ಸ್ಪಷ್ಟವಾಗಿ ಬರಲಿಲ್ಲ. ಮೊದಲು ಪೈಯೂಟರು, ಆಮೇಲೆ ಲೀ, ಈಗ ದೂರದ ಹಳ್ಳಿಗಳ ‘ಸ್ಥಳೀಯರು’. ಪ್ರತಿ ಸಲವೂ ಹೊಣೆಯ ವೃತ್ತ ಸತ್ಯದ ಕಡೆಗೆ ಹಿಗ್ಗಿದೆ ಎಂಬುದನ್ನು ಒಪ್ಪಬೇಕು. ಚರ್ಚಿನ ಕೇಂದ್ರ ಕಚೇರಿಯ ಬಾಗಿಲ ಬಳಿ ಬಂದು ನಿಂತಿದೆ ಎಂಬುದನ್ನೂ ಹೇಳಬೇಕು.

2011ರಲ್ಲಿ ಆ ಜಾಗಕ್ಕೆ ರಾಷ್ಟ್ರೀಯ ಐತಿಹಾಸಿಕ ತಾಣದ ಮಾನ್ಯತೆ ದೊರೆಯಿತು. ಅದಕ್ಕೂ ಮೊದಲು ವಂಶಸ್ಥರ ಒಂದು ಸಂಘಟನೆ, ಸಮಾಧಿಗಳ ಉಸ್ತುವಾರಿಯನ್ನು ಫೆಡರಲ್ ಸರ್ಕಾರಕ್ಕೆ ವಹಿಸಬೇಕು, ಕೊಂದವರು ಸೇರಿದ್ದ ಸಂಸ್ಥೆಯೇ ಸತ್ತವರ ಗೋರಿಗಳಿಗೆ ಯಜಮಾನನಾಗಿರಬಾರದು ಎಂದು ಚರ್ಚನ್ನು ಕೇಳಿತ್ತು. ಮಾನ್ಯತೆಗೆ ಚರ್ಚ್ ಒಪ್ಪಿತು, ಭೂಮಿಯನ್ನು ಬಿಟ್ಟುಕೊಡಲು ಒಪ್ಪಲಿಲ್ಲ. ಸ್ಮಾರಕವನ್ನು ಅದು ಅಚ್ಚುಕಟ್ಟಾಗಿಯೇ ನೋಡಿಕೊಳ್ಳುತ್ತಿದೆ, ಅದರಲ್ಲಿ ದೂರಿಲ್ಲ. ಆದರೆ ವಂಶಸ್ಥರ ಬೇಡಿಕೆ ನ್ಯಾಯವಾದದ್ದು. ಚರ್ಚ್ ಅದನ್ನು ಈಗಲಾದರೂ ಒಪ್ಪಿಕೊಳ್ಳಬೇಕು.